ವಾಪಸ್ಸು ಹೋದ ಹೋಳಿಗೆ

ನಮ್ಮ ಬೀಗ್ತಿ, ಅಂದರೆ ಮಗಳ ಅತ್ತೆ, ಎರಡು ವರ್ಷ ನನ್ನ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣಲಿಲ್ಲ. ಬರುತ್ತಿದ್ದರು, ಹೋಗುತ್ತಿದ್ದರು, ನಗುನಗುತ್ತಲೇ ಮಾತಾಡುತ್ತಿದ್ದರು. ಊಟಕ್ಕೆ ಕೂತ ಮೇಲೆ ಮಾತ್ರ ಒಂದು ರೊಟ್ಟಿ ಮುರಿದು, ಎರಡು ತುತ್ತು ಅನ್ನ ಕಲಸಿ, ತಟ್ಟೆಗೆ ಕೈ ಅಡ್ಡ ಹಿಡಿದು ಅದೇ ಒಂದು ಮಾತು ಹೇಳುತ್ತಿದ್ದರು: "ಸಾಕ್ರಿ ಬೀಗ್ತೇರೇ. ನಿಮ್ಮ ಕಡೆ ಬಂದ್ರೆ ನಮಗೆ ಅರ್ಧ ಊಟ ರೂಢಿ ಆಗೈತಿ."

ಅದನ್ನು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಅಂಗಡಿ ಇಟ್ಟುಕೊಂಡ ಮನೆ ನಮ್ಮದು. ಬಂದವರಿಗೆ ಎಣ್ಣೆ ತುಪ್ಪ ಬಡಿಸುವಾಗ ಕೈ ಬಿಗಿ ಹಿಡಿದವರಲ್ಲ. ನಮ್ಮತ್ತೆಯ ಕಾಲದಿಂದ ನಡೆದು ಬಂದ ಕಾಯಿದೆ ಏನೆಂದರೆ, ಒಂದು 'ಸಾಕು' ಸಾಕಲ್ಲ. ಉಣ್ಣುವವರು ಮೂರು ಸಲ ಸಾಕು ಅನ್ನಬೇಕು, ಎಲೆಯ ಮೇಲೆ ಅಡ್ಡ ಬೀಳುವುದೊಂದು ಬಾಕಿ ಇರಬೇಕು, ಆಗ ಸೌಟು ಹಿಂದಕ್ಕೆ ಸರಿಯುತ್ತದೆ. ಅಂಥ ಮನೆಗೆ 'ಅರ್ಧ ಊಟ' ಎನ್ನುವ ಹೆಸರು ಬಂತಲ್ಲ! ಅದನ್ನು ತಂದದ್ದು ಮೊಳಕಾಲ್ಮೂರಿನ ಒಂದು ಪುಟ್ಟ ಹೋಟೆಲು. ನನ್ನ ಬಾಯಿಯ ಪಾಲೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಮಗಳನ್ನು ಹರಿಹರದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಭತ್ತದ ಗದ್ದೆ, ಎರಡು ಟ್ರ್ಯಾಕ್ಟರು, ತುಂಬಿದ ಮನೆ. ನಾವು 'ಐತೆ' ಅಂದರೆ ಅವರು 'ಐತಿ' ಅನ್ನುತ್ತಾರೆ. ಅಷ್ಟು ಬಿಟ್ಟರೆ ಎರಡು ಮನೆಗೂ ಅಂಥ ವ್ಯತ್ಯಾಸವೇನಿಲ್ಲ ಎಂದೇ ನಾನು ತಿಳಿದಿದ್ದೆ. ಮಗಳ ಮಾವ, ನಮ್ಮ ಬೀಗರು, ಭಾರಿ ಆಳು. ನಗುವೂ ಭಾರಿ, ಊಟವೂ ಭಾರಿ. ಟ್ರ್ಯಾಕ್ಟರಿನ ಜೊತೆ ಬಾಳಿ ಬಾಳಿ ಅವರಿಗೆ ಜಗತ್ತಿನಲ್ಲಿ ಏನೂ 'ಶುರು' ಆಗುವುದಿಲ್ಲ, ಎಲ್ಲ 'ಚಾಲೂ' ಆಗಬೇಕು. ನಿಶ್ಚಿತಾರ್ಥದ ದಿನ ಮಂತ್ರ ಹೇಳಲು ಕೂತಿದ್ದ ಸ್ವಾಮಿಗಳಿಗೇ "ಹ್ಞೂಂ, ಚಾಲೂ ಮಾಡ್ರಿ" ಅಂದು ಮನೆಮಂದಿಯನ್ನೆಲ್ಲ ನಗಿಸಿದ್ದರು. ಬೀಗ್ತಿ ಅದಕ್ಕೆ ತದ್ವಿರುದ್ಧ. ತೂಕವಾಗಿ ಮಾತಾಡುವ ಹೆಂಗಸು. ಗಂಡಿನ ತಾಯಿ ಎನ್ನುವ ಗತ್ತು ಬೇರೆ. ಆದರೆ ಒಮ್ಮೆ ಬಾಯಿ ಬಿಟ್ಟರೆ ಆ ಮಾತು ನಾಟಬೇಕಾದಲ್ಲಿ ಹೋಗಿ ನಾಟುತ್ತದೆ.

ಮದುವೆಯ ಸೀರೆ ತರಲು ನಾವು ನಾಲ್ವರು ಹೊರಟೆವು. ನಾನು, ನಮ್ಮ ಮನೆಯವರು, ಬೀಗರು, ಬೀಗ್ತಿ. ಮಗಳಿಗೆ ಕೆಲಸದಲ್ಲಿ ರಜೆ ಸಿಕ್ಕಿರಲಿಲ್ಲ, ಫೋನಿನಲ್ಲೇ ನೋಡಿ ಆರಿಸುತ್ತೇನೆ ಅಂದಿದ್ದಳು. ಎಣ್ಣೆ ಡಬ್ಬ ಸಾಗಿಸುವ ನಮ್ಮ ಹಳೆಯ ವ್ಯಾನನ್ನು ಹಿಂದಿನ ದಿನವೇ ಸೀಗೆಪುಡಿ ಹಾಕಿ ತಿಕ್ಕಿಸಿದ್ದೆ. ಆದರೂ ದಾರಿಯುದ್ದಕ್ಕೂ ಬೀಗರು "ಏನ್ರೀ, ವ್ಯಾನಿಗೂ ಒಗ್ಗರಣೆ ಹಾಕೀರೇನು" ಎಂದು ಕಾಡಿಸುತ್ತಲೇ ಬಂದರು. ಮೊಳಕಾಲ್ಮೂರಿಗೆ ಬಂದ ಕೂಡಲೇ ನಾನು ಮೊದಲು ಮಾಡಿದ ಕೆಲಸ ಊಟದ ಏರ್ಪಾಡು. ರಾಯದುರ್ಗದ ರಸ್ತೆಯಲ್ಲಿ ಒಬ್ಬ ಹೆಂಗಸು ತನ್ನ ಮನೆಯ ಪಡಸಾಲೆಯಲ್ಲೇ ನಾಲ್ಕು ಮೇಜು ಹಾಕಿ ಹೊಸದಾಗಿ ಹೋಟೆಲು ತೆರೆದಿದ್ದಳು. ಅವಳ ಕೈ ರುಚಿ ಚೆನ್ನಾಗಿದೆ ಎಂದು ನಾವು ಸೀರೆ ನೋಡಬೇಕಿದ್ದ ನೇಕಾರರ ಮನೆಯವರೇ ಹೇಳಿದ್ದರು. ಹೋಗಿ, ಮಧ್ಯಾಹ್ನ ಬೀಗರನ್ನು ಕರೆತರುತ್ತೇನೆ, ಹೋಳಿಗೆ ಮಾಡಿರುತ್ತೀಯಾ ಎಂದು ಕೇಳಿದೆ. ಗಡಿಯಾಚೆಯಿಂದ ಸೊಸೆಯಾಗಿ ಬಂದವಳು, ಮಾತು ಮುಕ್ಕಾಲು ತೆಲುಗು, ಕಾಲು ಕನ್ನಡ. "ಮಾಡ್ತೀನಮ್ಮಾ, ಬೀಗ್ರು ಅಂದ್ರೆ ದೇವ್ರು ಬಂದಂಗೆ" ಎಂದು ಮುಖ ಅರಳಿಸಿದಳು.

ಸೀರೆ ಆರಿಸಿ, ಗಿಣಿಹಸಿರು ಬಣ್ಣದ್ದನ್ನು ಎತ್ತಿಡಲು ಹೇಳಿ, ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಹೋಟೆಲಿಗೆ ಬಂದು ಕೂತೆವು. ಎಲೆಯನ್ನೂ ಹಾಕಿದರು. ಅಷ್ಟರಲ್ಲಿ ಮಗಳ ಫೋನು. ಗಿಣಿಹಸಿರು ಬೇಡವಂತೆ, ಮೊದಲು ತೋರಿಸಿದ ಕುಂಕುಮದ ಬಣ್ಣದ್ದೇ ಬೇಕಂತೆ, ರಾತ್ರಿಯೆಲ್ಲ ಕನಸಿನಲ್ಲಿ ಬರುತ್ತದಂತೆ! ಹಗಲು ಹನ್ನೆರಡಕ್ಕೆ ನೋಡಿದ ಸೀರೆ ರಾತ್ರಿಯ ಕನಸಿನಲ್ಲಿ ಹೇಗೆ ಬಂತೆಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ನಾವು ಎದ್ದು ಬರುವಾಗ ಆ ಕುಂಕುಮದ ಸೀರೆಯನ್ನು ಇನ್ಯಾರೋ ಗಿರಾಕಿ ಮಡಿಲಲ್ಲಿ ಹರಡಿಕೊಂಡಿದ್ದದ್ದು ಕಣ್ಣ ಮುಂದೆ ಬಂತು. "ನೀವು ಊಟ ಮಾಡ್ತಿರ್ರಿ, ಹತ್ತು ನಿಮಿಷದಾಗೆ ಬರ್ತೀವಿ" ಎಂದು ಬೀಗರಿಬ್ಬರಿಗೂ ಹೇಳಿ, ನಮ್ಮ ಮನೆಯವರನ್ನು ಎಳೆದುಕೊಂಡು ಓಡಿದೆ.

ಬೀಗರನ್ನು ಎಲೆಯ ಮುಂದೆ ಕೂರಿಸಿ ಸೀರೆಯ ಹಿಂದೆ ಓಡಬಾರದು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಓಡಿದೆ.

ಹತ್ತು ನಿಮಿಷ ಅಂದದ್ದು ಅರ್ಧ ಗಂಟೆಯಾಯಿತು. ಸೀರೆ ಸಿಕ್ಕಿತು. ಅದನ್ನು ಎದೆಗವಚಿಕೊಂಡು ಬಂದರೆ ಬೀಗರಿಬ್ಬರೂ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು, ಕೈ ತೊಳೆದಾಗಿತ್ತು. ಬೀಗರ ಮುಖದಲ್ಲಿ ಮೊದಲ ಸಲ ನಗು ಇರಲಿಲ್ಲ.

"ಊಟ ಆಯ್ತೇನ್ರಿ?" ಎಂದೆ.

"ಆತು ಅಂತ ತಿಳ್ಕಳ್ರಿ" ಎಂದರು ಬೀಗರು.

ಬೀಗ್ತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೇಳಿದರು: "ಒಂದು ಮುದ್ದಿ ಹಾಕಿದ್ರು, ಮೇಲೆ ಒಂದು ಸೌಟು ಸಾರು. ಆಮೇಲೆ ಬರಲೇ ಇಲ್ಲ. ಅನ್ನ ಒಂದು ಹಿಡಿ. ಅದಕ್ಕೂ ಆಮೇಲೆ ಬರಲಿಲ್ಲ. ಕಡೀಗೆ ಹೋಳಿಗಿ ಪಾತ್ರೆ ತಂದ್ರು, ತೋರಿಸಿದ್ರು, ಹಾಕದೇ ವಾಪಸ್ ಒಳಗೆ ಒಯ್ದ್ರು. ನೋಡಾಕೆ ಚಂದ ಇದ್ವು ಹೋಳಿಗಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಗಾದೆಯಲ್ಲಿ ಕೇಳಿದ್ದೆ. ಬೀಗರ ಎಲೆಯಲ್ಲೇ ಹೀಗಾಗುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನನಗೆ ಸಿಟ್ಟು ಬಂದರೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ, ಬಾಯಿಯೊಂದೇ ಕೆಲಸ ಮಾಡುತ್ತದೆ. ಒಳಗೆ ನುಗ್ಗಿದೆ. ಆ ಹೆಂಗಸು ಒಲೆಯ ಮುಂದೆ ನಿಂತಿದ್ದಳು, ಕೈಗೆಲ್ಲ ಕಣಕದ ಹಿಟ್ಟು. ಏನಮ್ಮಾ ಇದು, ಹೊಟ್ಟೆಗೆ ಹಾಕಿ ಅಂತ ಕರೆತಂದರೆ ಹೋಳಿಗೆ ತೋರಿಸಿ ಒಳಗೆ ತಂದೆಯಾ ಎಂದು ಕೂಗಿದೆ. ಅವಳು ಗಾಬರಿಯಾಗಿ ಕನ್ನಡವನ್ನೇ ಮರೆತು "ವಾಳ್ಳೇ ಚಾಲು ಅನ್ನಾರಮ್ಮಾ" ಎಂದಳು.

ಅಂಗಡಿಗೆ ಗಡಿಯಾಚೆಯ ಗಿರಾಕಿಗಳು ಬರುವುದರಿಂದ ನನಗೆ ತೆಲುಗು ಚೆನ್ನಾಗಿಯೇ ಬರುತ್ತದೆ. ಅವರೇ ಸಾಕು ಅಂದರಮ್ಮಾ ಎನ್ನುತ್ತಿದ್ದಾಳೆ! ಖಾಲಿ ಎಲೆಯ ಮುಂದೆ ಕೂತ ನಮ್ಮ ಬೀಗರು, ಮೂರು ಮುದ್ದೆ ನುಂಗಿ ನಾಲ್ಕನೆಯದಕ್ಕೆ ಕೈ ಚಾಚುವ ಆಸಾಮಿ, ಸಾಕು ಅಂದರಂತೆ! ಬಾಗಿಲಿಗೆ ಬಂದು ನಿಂತಿದ್ದ ಬೀಗರನ್ನೇ ಕೇಳಿದೆ: "ನೀವು ಸಾಕು ಅಂದ್ರೇನ್ರೀ?"

"ನಾನಾ? ನಾನು ಹುಟ್ಟಿದಾಗಿಂದ ಹೋಳಿಗಿಗೆ ಸಾಕು ಅಂದವನಲ್ಲ ಬಿಡ್ರಿ" ಎಂದರು.

ಅಲ್ಲಿಗೆ ಅವಳು ಸುಳ್ಳಿ ಎಂದು ತೀರ್ಮಾನವಾಯಿತು. ನಾನು ಹೇಳಿದ ಮಾತು ಇದು, ಇವತ್ತಿಗೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ: "ಹೊಟ್ಟೆಗೆ ಹಾಕೋಕೆ ಕೈ ಬರ್ದಿದ್ರೆ ಹೋಟ್ಲು ಯಾಕೆ ಇಟ್ಟೆ? ಬಾಗ್ಲು ಹಾಕ್ಕಂಡು ನಿನ್ನ ತೌರಿಗೆ ಹೋಗು." ಅವಳು ಹೋಳಿಗೆ ಪಾತ್ರೆಯ ಮುಚ್ಚಳ ಹಿಡಿದುಕೊಂಡು ನನ್ನನ್ನೇ ನೋಡಿದಳು. ನಾವು ವ್ಯಾನು ಹತ್ತಿ ಚಳ್ಳಕೆರೆಗೆ ಬಂದೆವು. ಒಗ್ಗರಣೆಯ ತಮಾಷೆಯನ್ನು ಬೀಗರು ಆ ದಾರಿಯಲ್ಲಿ ಮತ್ತೆ ಎತ್ತಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಕುಂಕುಮದ ಸೀರೆಯಲ್ಲಿ ಮಗಳನ್ನು ನೋಡಿದವರೆಲ್ಲ ದೃಷ್ಟಿ ತೆಗೆದರು. ಆದರೆ ಬೀಗ್ತಿ ಆ ಹೋಳಿಗೆಯನ್ನು ಮರೆಯಲಿಲ್ಲ. ನಮ್ಮ ಮನೆಗೆ ಬಂದಾಗೆಲ್ಲ ಆ ಅರ್ಧ ಊಟದ ಮಾತು. ಅವರು ನಗುತ್ತ ಹೇಳುವುದರಿಂದ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ಬೀಗರ ಹಾಸ್ಯ ಎಂದು ತಳ್ಳಿಹಾಕುವ ಹಾಗೂ ಇಲ್ಲ. ನಗುವಿನ ಒಳಗೆ ಒಂದು ನೋವಿತ್ತು, ಅದು ನನಗೆ ಗೊತ್ತಿತ್ತು. ಎಲೆಯ ಮುಂದೆ ನಮ್ಮಿಬ್ಬರನ್ನೇ ಕೂರಿಸಿ ಹೋದಳಲ್ಲ ಎನ್ನುವ ನೋವು.

ನಿಜವಾದ ಪೆಟ್ಟು ಬಿದ್ದದ್ದು ಮಗಳು ಹೆತ್ತ ಮೇಲೆ. ಬಾಣಂತನಕ್ಕೆ ನಮ್ಮಲ್ಲಿಗೇ ಬಂದಿದ್ದಳು, ಹೆಣ್ಣು ಮಗು. ಚೊಚ್ಚಿಲು ಮಗುವನ್ನು ತಾಯಿಯ ತವರಿನಲ್ಲೇ ತೊಟ್ಟಿಲಿಗೆ ಹಾಕಿ ಹೆಸರಿಡುವುದು ನಮ್ಮ ಪದ್ಧತಿ. ನಮ್ಮ ಮನೆಯವರೂ ಮಗಳೂ ಮಲಗಿ ಬೆಳೆದ ಮರದ ತೊಟ್ಟಿಲು ಅಟ್ಟದ ಮೇಲಿತ್ತು. ಇಳಿಸಿ, ಒರೆಸಿ, ಶೇಂಗಾ ಎಣ್ಣೆ ಸವರಿ, ಪಡಸಾಲೆಯ ಮೂಲೆಯಲ್ಲಿಟ್ಟಿದ್ದೆ. ಹೋಗುತ್ತ ಬರುತ್ತ ಅದನ್ನು ಮುಟ್ಟಿ ನೋಡುತ್ತಿದ್ದೆ. ಆಗ ಬೀಗ್ತಿಯ ಫೋನು ಬಂತು.

"ತೊಟ್ಲು ನಮ್ಮಲ್ಲೇ ಮಾಡೋಣ್ರಿ. ನಮ್ಮ ಅಡಿಗೆಯೋರು ಅದಾರೆ. ನಮ್ಮ ಕಡೆ ಮಂದಿ ಅಷ್ಟು ದೂರ ಬಂದು ಅರ್ಧ ಹೊಟ್ಟೀಲೆ ಹೋಗೋದು ಚಂದ ಅಲ್ಲ" ಎಂದರು. ಈ ಸಲ ನಗಲೂ ಇಲ್ಲ.

ಫೋನು ಇಟ್ಟು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಅತ್ತೆ. ನಮ್ಮ ಮನೆಯವರು ಬಂದು "ಅದಕ್ಯಾಕೆ ಅಳ್ತೀಯಾ, ಎಲ್ಲಿ ತೂಗಿದ್ರೂ ಕೂಸು ನಮ್ದೇ ಅಲ್ವಾ" ಅಂದರು. ಗಂಡಸರಿಗೆ ಇದೆಲ್ಲ ತಿಳಿಯುವುದಿಲ್ಲ. ನನ್ನ ಮೊದಲ ಮೊಮ್ಮಗಳನ್ನು ನನ್ನ ಮನೆಯ ತೊಟ್ಟಿಲಲ್ಲಿ ನಾನು ತೂಗಬೇಕಿತ್ತು. ಅಷ್ಟೇ ನನ್ನ ಆಸೆ.

ಒಂದೇ ಒಂದು ದಾರಿ ಉಳಿದಿತ್ತು. ಹೆರಿಗೆ ಸುಸೂತ್ರವಾದರೆ ಜಟಿಂಗ ರಾಮೇಶ್ವರನ ಬೆಟ್ಟ ಹತ್ತುತ್ತೇನೆಂದು ಬೀಗರು ಹರಕೆ ಹೊತ್ತಿದ್ದರು. ಅದನ್ನು ತೀರಿಸಲು ದಂಪತಿಗಳು ಬಂದರು. ನಾವೂ ಜೊತೆಗೆ ಹೊರಟೆವು, ಮಗಳ ಹತ್ತಿರ ನನ್ನ ತಂಗಿ ಉಳಿದಳು. ದಾರಿಯಲ್ಲಿ ಬೀಗ್ತಿಯನ್ನು ಒಪ್ಪಿಸಬೇಕೆಂದು ನನ್ನ ಹುನ್ನಾರ. ಬೆಳಗಿನ ಜಾವವೇ ಎದ್ದು ಬುತ್ತಿ ಕಟ್ಟಿದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರನ್ನ, ಮೇಲೆ ಗಟ್ಟಿ ಮೊಸರಿನ ಇನ್ನೊಂದು ಡಬ್ಬಿ. ನಾಲ್ಕು ಜನಕ್ಕೆ ಹತ್ತು ಜನದ ಬುತ್ತಿ. ಬೆಟ್ಟದ ಮೇಲೆ ದೇವರ ಎದುರಿಗೇ ಬೀಗ್ತಿಗೆ ಹೊಟ್ಟೆ ತುಂಬ ಬಡಿಸಿ, ಬಾಯಿ ತುಂಬಿರುವಾಗಲೇ ತೊಟ್ಟಿಲಿನ ಮಾತು ಎತ್ತುವುದು ಎಂದು ಲೆಕ್ಕ ಹಾಕಿದ್ದೆ.

ದೂರದ ಬೆಟ್ಟ ನುಣ್ಣಗೆ. ಸಿದ್ದಾಪುರದ ಹತ್ತಿರ ವ್ಯಾನಿನಿಂದ ನೋಡುವಾಗ ಇಷ್ಟೇನಾ ಅನ್ನಿಸಿತ್ತು. ಮೆಟ್ಟಿಲು ಹತ್ತಲು ತೊಡಗಿದ ಮೇಲೆ ಮಾತಾಡುವುದಿರಲಿ, ಉಸಿರಾಡುವುದೇ ಕಷ್ಟವಾಯಿತು. ಬೀಗರು ಮಾತ್ರ ಒಂದೊಂದು ತಿರುವಿನಲ್ಲೂ ನಿಂತು "ಹ್ಞೂಂ, ಮತ್ತೆ ಚಾಲೂ" ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದರು. ಮೇಲೆ ತಲುಪಿ, ದೇವರಿಗೆ ಕೈ ಮುಗಿದು, ಬಂಡೆಯ ಮೇಲಿನ ಹಳೆಯ ಶಾಸನವನ್ನು ಕಂಬಿಯ ಸಂದಿಯಿಂದ ಇಣುಕಿ, ಒಂದಕ್ಷರವೂ ತಿಳಿಯದೆ "ಒಳ್ಳೇ ಮಾತೇ ಬರೆಸಿರ್ತಾರೆ ಬಿಡ್ರಿ" ಎಂದುಕೊಂಡು, ನೆರಳು ಹುಡುಕಿ ಕೂತೆವು. ನಾನು ಬುತ್ತಿಯ ಚೀಲವನ್ನು ಬದಿಗಿಟ್ಟು, ಕೈ ತೊಳೆಯಲು ನೀರಿನ ಬಾಟಲಿ ತೆರೆದೆ. ಅಷ್ಟೇ ಹೊತ್ತು. ಎಲ್ಲಿದ್ದವೋ ಮಂಗಗಳು, ಐದಾರು ಒಟ್ಟಿಗೆ ಇಳಿದವು. ಚೀಲ ನನ್ನ ಕಣ್ಣೆದುರೇ ಬಂಡೆಯ ಮೇಲಕ್ಕೆ ಹೋಯಿತು. ಒಂದು ಮಂಗ ಎಣ್ಣೆಗಾಯಿ ತಿಂದು ಖಾರಕ್ಕೆ ಮುಖ ಕಿವುಚಿತು. ಇನ್ನೊಂದು ಹೋಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬೀಗ್ತಿಯನ್ನೇ ನೋಡುತ್ತ ತಿಂದಿತು.

ನನಗೆ ಅಳು ಬರುವುದೊಂದು ಬಾಕಿ. ಬೀಗ್ತಿ ಆ ಮಂಗವನ್ನು ನೋಡಿದರು, ನನ್ನನ್ನು ನೋಡಿದರು. "ಇವತ್ತು ಅರ್ಧನೂ ಇಲ್ಲ ನೋಡ್ರಿ ಬೀಗ್ತೇರೇ!" ಎಂದವರೇ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಗತ್ತಿನ ಹೆಂಗಸು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಗುವಿಗೆ ಸೋಂಕು ಇರುತ್ತದೆ. ನಾವೂ ನಕ್ಕೆವು, ಮಂಗಗಳು ಮಾತ್ರ ಗಂಭೀರವಾಗಿ ಉಂಡವು.

ಬೆಟ್ಟ ಇಳಿದು ಮೊಳಕಾಲ್ಮೂರಿಗೆ ಬರುವಷ್ಟರಲ್ಲಿ ನಗುವೆಲ್ಲ ಕರಗಿ ಹಸಿವೊಂದೇ ಉಳಿದಿತ್ತು. ಎಲ್ಲಿ ಊಟಕ್ಕೆ ನಿಲ್ಲಿಸಲಿ ಎಂದು ನಮ್ಮ ಮನೆಯವರು ಕೇಳಿದರು. ಬೀಗ್ತಿ ಹಿಂದಿನ ಸೀಟಿನಿಂದ ಥಟ್ಟನೆ ಹೇಳಿದರು: "ಆ ರಾಯದುರ್ಗದ ರಸ್ತೆ ಹೋಟ್ಲಿಗೇ ನಡೀರಿ. ಅವತ್ತು ಅರ್ಧ ಊಟ ಆಗೈತಿ. ಇನ್ನರ್ಧ ಅಲ್ಲೇ ಉಳಿದೈತಿ."

"ಬೇಡ್ರಿ, ಅಲ್ಲಿ ಬೇಡ" ಎಂದೆ. ನನಗೆ ಆ ಹೆಂಗಸಿನ ಮುಖ ನೋಡುವ ಧೈರ್ಯ ಇರಲಿಲ್ಲ. ಎರಡು ವರ್ಷದಲ್ಲಿ ಸಿಟ್ಟು ಇಳಿದಿತ್ತು, ಆಡಿದ ಮಾತು ಉಳಿದಿತ್ತು. ಹಾಗೆಂದು ಬಾಯಿ ಬಿಟ್ಟು ಹೇಳುವುದು ಹೇಗೆ? ಬೀಗ್ತಿ ಬಿಡಲಿಲ್ಲ. "ಮಂಗ ನಮ್ಮನ್ನ ಆಡಿಕೊಂಡು ನಕ್ಕಾಯ್ತು, ಇನ್ನು ಮನುಷ್ಯರು ನಗಲಿ. ಹೋಳಿಗಿ ಈ ಸಲ ಹೊರಗೆ ಬರ್ತಾವೋ ಇಲ್ಲೋ ನೋಡೇಬಿಡೋಣ." ವ್ಯಾನು ತಿರುಗಿತು.

ಹೋಟೆಲು ಬೆಳೆದಿತ್ತು. ನಾಲ್ಕು ಮೇಜು ಎಂಟಾಗಿದ್ದವು, ತಗಡಿನ ಚಾವಣಿ ಬಂದಿತ್ತು, ತುಂಬ ಜನ. ಕಾರು ಬಾಡಿಗೆಯವರು, ಸೀರೆ ಕೊಳ್ಳಲು ಬಂದವರು, ಟೋಪಿ ಹಾಕಿಕೊಂಡ ರೇಷ್ಮೆ ವ್ಯಾಪಾರಿಗಳು. ನಾವು ಮೂಲೆಯಲ್ಲಿ ಕೂತೆವು. ಆ ಹೆಂಗಸು ಎಲೆ ಹಾಕಲು ಬಂದವಳು ನನ್ನನ್ನು ನೋಡಿ ಒಂದು ಗಳಿಗೆ ನಿಂತಳು. ಗುರುತು ಹತ್ತಿತ್ತು. ನಾನು ತಲೆ ತಗ್ಗಿಸಿದೆ. ಅವಳು ಎಲೆ ಹಾಕಿ ನೀರು ಚಿಮುಕಿಸಿ ಹೋದಳು. ಈ ಸಲ ಮಗಳಲ್ಲ, ದೇವರೇ ಫೋನು ಮಾಡಿದರೂ ಎದ್ದು ಹೋಗುವುದಿಲ್ಲ ಎಂದು ನಾನು ಬೆಂಚಿಗೆ ಅಂಟಿಕೊಂಡು ಕೂತೆ.

ಮುದ್ದೆ ಬಂತು, ಬಿಸಿಬಿಸಿ, ಹೊಗೆಯಾಡುತ್ತಿತ್ತು. ಮೊದಲು ಬೀಗರ ಎಲೆ. ಅದರ ಮೇಲೆ ಒಂದು ಸೌಟು ಸೊಪ್ಪಿನ ಸಾರು. ಸೌಟನ್ನು ಮತ್ತೆ ಅದ್ದಿ ಹಿಡಿದು ಅವಳು ಮೆಲ್ಲಗೆ ಕೇಳಿದಳು: "ಚಾಲಾ?"

ಬೀಗರು ಹಸಿದ ಹುಲಿಯಾಗಿದ್ದರು. ತಮ್ಮದೂ ಬೀಗ್ತಿಯದೂ ಎರಡೂ ಎಲೆಗಳ ಮೇಲೆ ಕೈ ಬೀಸಿ, "ಚಾಲೂ, ಚಾಲೂ!" ಎಂದರು.

ಅವಳು ಸೌಟನ್ನು ಪಾತ್ರೆಗೆ ಬಿಟ್ಟು ತಿರುಗಿದಳು.

ನಾನು ಆಗಷ್ಟೇ ನೀರು ಬಾಯಿಗಿಟ್ಟಿದ್ದೆ. ಅದು ನೆತ್ತಿಗೇರಿತು. ಕೆಮ್ಮು, ನಗು, ಕಣ್ಣೀರು ಎಲ್ಲ ಒಟ್ಟಿಗೆ ಬಂತು. ಬೀಗ್ತಿ ಬೆನ್ನು ತಟ್ಟಿದರು, ನಮ್ಮ ಮನೆಯವರು ಗಾಬರಿಯಾಗಿ ಎದ್ದು ನಿಂತರು. ನಾನು ಓಡಿಹೋಗಿ ಆ ಹೆಂಗಸಿನ ಸೆರಗು ಹಿಡಿದು ಎಳೆದು ತಂದೆ. "ನಿಲ್ಲವ್ವ, ಹೋಗ್ಬೇಡ. ಬೀಗ್ರೇ, ಅವ್ಳು ಏನು ಕೇಳಿದ್ಲು?"

"ಚಾಲೂ ಮಾಡ್ಲಾ ಅಂದ್ಲು. ಮಾಡವ್ವ ಅಂದೆ" ಎಂದರು ಬೀಗರು.

"ಅಲ್ರೀ! ಅವ್ಳ ಭಾಷೇಲಿ ಚಾಲು ಅಂದ್ರೆ ಸಾಕ್ರೀ! ಸಾಕಾ ಅಂತ ಕೇಳ್ತಾಳೆ, ನೀವು ಸಾಕು ಸಾಕು ಅಂತ ಕೈ ಬೀಸ್ತೀರಾ!"

ಮೊದಲು ಯಾರಿಗೂ ತಲೆಗೆ ಹೋಗಲಿಲ್ಲ. ಆ ಹೆಂಗಸಿಗೆ ತೆಲುಗಿನಲ್ಲಿ ಹೇಳಿದೆ, ಇವರ ಊರ ಕಡೆ ಚಾಲೂ ಅಂದರೆ ಶುರು ಮಾಡು ಎಂದು ಅರ್ಥ, ಟ್ರ್ಯಾಕ್ಟರೂ ಚಾಲೂ, ಊಟವೂ ಚಾಲೂ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ಪಕ್ಕದ ಬೆಂಚಿನ ಮೇಲೆ ಕುಸಿದು ಕೂತಳು. "ಅಯ್ಯೋ ದೇವುಡಾ! ಅವತ್ತು ಸಾರು ಹಾಕಿದ್ರೂ ಚಾಲು. ಅನ್ನ ಹಾಕಿದ್ರೂ ಚಾಲು. ಓಳಿಗೆ ತಂದಾಗ ಒಂದೂ ಹಾಕಿಲ್ಲ, ಆಗ್ಲೇ ಇನ್ನೂ ಜೋರಾಗಿ ಚಾಲು ಅಂತ ಕೂಗಿದ್ರು!"

"ನಿನಗೆ ಕಿವಿ ಮಂದ ಇರಬೇಕು ಅಂತ ಜೋರಾಗಿ ಕೂಗಿದ್ನವ್ವಾ" ಎಂದರು ಬೀಗರು, ದೊಡ್ಡ ಮುಖವನ್ನು ಸಣ್ಣ ಮಾಡಿಕೊಂಡು.

ಎಂಟೂ ಮೇಜಿನವರು ನಗುತ್ತಿದ್ದರು. ರೇಷ್ಮೆ ವ್ಯಾಪಾರಿಯೊಬ್ಬರು "ಸಾಕು ಅನ್ನೋಕೆ ಬಸ್ ಅಂದ್ಬಿಡಿ ಸಾಹೇಬ್ರೇ, ಅದು ಎಲ್ಲಾ ಕಡೆ ನಡೀತೈತೆ" ಎಂದು ದಾರಿ ತೋರಿಸಿದರು. ಅದಕ್ಕೆ ಬೀಗ್ತಿ "ಬಸ್ ಅಂದ್ರೆ ಇವರು ಟಿಕೆಟ್ ತಗೀತಾರೆ" ಎಂದುಬಿಟ್ಟರು. ಮತ್ತೆ ನಗು.

ನಗು ಇಳಿದ ಮೇಲೆ ಆ ಹೆಂಗಸು ಕಣ್ಣೊರೆಸಿಕೊಂಡು ಹೇಳಿದಳು: "ಹೋಟ್ಲು ಶುರು ಮಾಡಿ ತಿಂಗ್ಳೂ ಆಗಿರಲಿಲ್ಲಮ್ಮಾ. ಬೀಗ್ರಿಗೆ ಅಂತ ಆಸೆಯಿಂದ ಮಾಡಿದ್ದೆ. ನನ್ನ ಓಳಿಗೆ ಮುಖಾನೂ ನೋಡ್ದೆ ಬೇಡ ಅಂದ್ರಲ್ಲ ಅಂತ ಒಳಗೋಗಿ ಅತ್ತಿದ್ದೆ. ಅವತ್ತಿಂದ ಈ ಹೋಟ್ಲಾಗೆ ಓಳಿಗೆ ಮಾಡೇ ಇಲ್ಲ."

ನನಗೆ ಮತ್ತೆ ತಲೆಯೆತ್ತಿ ನೋಡಲಾಗಲಿಲ್ಲ. ಅವಳು ಅವತ್ತು ನಿಜವನ್ನೇ ಹೇಳಿದ್ದಳು. ಅದು ನನಗೆ ಅಕ್ಷರ ಅಕ್ಷರ ಅರ್ಥವೂ ಆಗಿತ್ತು. ತೆಲುಗು ಬಾರದವಳಾಗಿದ್ದರೆ ನನಗೆ ಒಂದು ನೆಪವಾದರೂ ಇರುತ್ತಿತ್ತು. ಅವಳ ಕೈಯನ್ನು ಹಾಗೇ ಹಿಡಿದುಕೊಂಡು "ತಪ್ಪಾಯ್ತವ್ವ, ಬಾಗ್ಲು ಹಾಕ್ಕಂಡು ಹೋಗು ಅಂದ್ಬಿಟ್ಟೆ" ಎಂದೆ.

"ಆ ಮಾತಿಗೇ ಹೋಗ್ಲಿಲ್ಲಮ್ಮಾ" ಎಂದಳು. "ಆ ತಿಂಗ್ಳು ಯಾಪಾರ ಆಗ್ದೆ ನನ್ ಗಂಡ ಮುಚ್ಚಾನ ಅಂದ. ನಾನೇ ಹಟ ಹಿಡಿದೆ. ಆಯಮ್ಮ ಅಂದ ಮೇಲೆ ಮುಚ್ಚಲ್ಲ, ಎಂಟು ಟೇಬಲ್ ಆಗೋತಂಕ ಮುಚ್ಚಲ್ಲ ಅಂದೆ." ಹೇಳಿ, ನನ್ನನ್ನೇ ನೋಡಿ ನಕ್ಕಳು. ನನ್ನ ಕೆಟ್ಟ ಬಾಯಿಯಿಂದ ಲೋಕಕ್ಕೆ ಒಂದು ಒಳ್ಳೆಯದಾದದ್ದು ಅದೊಂದೇ ಇರಬೇಕು.

ಆಮೇಲೆ ಆ ಊಟ! ಅವಳು ಬೇರೆ ಮೇಜುಗಳನ್ನು ಗಂಡನಿಗೆ ಬಿಟ್ಟು ನಮ್ಮ ಪಕ್ಕದಲ್ಲೇ ನಿಂತಳು. ಮುದ್ದೆಯ ಮೇಲೆ ಮುದ್ದೆ, ಪುಂಡಿಸೊಪ್ಪಿನ ಚಟ್ನಿ, ಕೆಂಪು ಖಾರದ ಪುಡಿಗೆ ಹಸಿ ಎಣ್ಣೆ, ಅನ್ನಕ್ಕೆ ಬೇಳೆಕಟ್ಟು, ಮಜ್ಜಿಗೆ. ಬೀಗರು ಮರೆತು ಮರೆತು "ಚಾ..." ಎಂದು ಶುರು ಮಾಡುವುದು, ನಾವೆಲ್ಲ ಕೂಗುವುದು, ಅವರು ಬಾಯಿ ಮುಚ್ಚಿಕೊಂಡು ಕೈಸನ್ನೆ ಮಾಡುವುದು. ಬೀಗ್ತಿ ಮಾತಾಡದೆ ಉಂಡರು. ಎರಡನೆಯ ಮುದ್ದೆ ಹಾಕಿಸಿಕೊಂಡರು. ಅನ್ನವನ್ನೂ ಎರಡು ಸಲ ಹಾಕಿಸಿಕೊಂಡರು. ನಾನು ನನ್ನ ಊಟ ಬಿಟ್ಟು ಅವರ ಎಲೆಯನ್ನೇ ನೋಡುತ್ತಿದ್ದೆ. ಎರಡು ವರ್ಷದಲ್ಲಿ ನನ್ನ ಎದುರು ಅವರು ಹೀಗೆ ಉಂಡಿರಲಿಲ್ಲ. ಎಷ್ಟು ಸಂತೋಷವಾಯಿತೆಂದರೆ ನನ್ನ ಮುದ್ದೆ ಆರಿ ಗಟ್ಟಿಯಾಗಿ ಹೋಯಿತು.

ಕೈ ತೊಳೆದು ಬಂದ ಬೀಗ್ತಿ ಆ ಹೆಂಗಸನ್ನು ಕೇಳಿದರು: "ಮೊಮ್ಮಗಳ ತೊಟ್ಲು ಐತವ್ವಾ. ಬಂದು ಹೋಳಿಗಿ ಮಾಡಿಕೊಡ್ತೀಯೇನು?"

"ಬರ್ತೀನಮ್ಮಾ. ಯಾವೂರು?"

ಬೀಗ್ತಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ, ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು: "ಯಾವೂರು ಅಂದ್ರೆ? ಚಳ್ಳಕೆರಿ. ಕೂಸಿನ ತೊಟ್ಲನ್ನ ಅಜ್ಜಿ ಮನಿ ಬಿಟ್ಟು ಇನ್ನೆಲ್ಲಿ ಕಟ್ತಾರೆ?"

ಅಲ್ಲೇ ರಸ್ತೆಯಲ್ಲಿ, ಬೇವಿನ ಮರದ ಕೆಳಗೆ, ಅವರನ್ನು ತಬ್ಬಿಕೊಂಡೆ. "ಬಿಡ್ರಿ, ಎಲಿ ಉಗುಳಿಬಿಡ್ತೀನಿ" ಎಂದು ಬೈಸಿಕೊಂಡೆ.

ತೊಟ್ಟಿಲ ದಿನ ಆ ಹೆಂಗಸು ಗಂಡನ ಜೊತೆ ಮೊದಲ ಬಸ್ಸಿಗೇ ಬಂದಿಳಿದಳು. ಹಿತ್ತಲಲ್ಲಿ ಒಲೆ ಹೂಡಿ ಹೋಳಿಗೆಗೆ ಕೂತಳು. ಹೊಸ ಸೀರೆಯ ಹೆಂಗಸರೆಲ್ಲ ಅವಳ ಕೈ ನೋಡುತ್ತ ಸುತ್ತ ನಿಂತರು. ನಾನು ಕೂಸನ್ನು ತೊಟ್ಟಿಲ ಕೆಳಗಿನಿಂದ ಬೀಗ್ತಿಯ ಕೈಗೆ ಕೊಟ್ಟೆ, ಅವರು ಮೇಲಿನಿಂದ ನನ್ನ ಕೈಗೆ ಕೊಟ್ಟರು. ಹೆಸರು ಕಿವಿಯಲ್ಲಿ ಹೇಳಿದ ಮೇಲೆ ಮೊದಲ ತೂಗು ನಾನು ತೂಗಿದೆ. ಕೂಸು ಆಕಳಿಸಿ ಮಲಗಿತು. ಹರಿಹರದ ಕಡೆಯ ಮಂದಿ ಹೋಳಿಗೆ ಉಂಡು ಉಂಡು, ಕೊನೆಗೆ ಬೀಗರೇ ಸೋತು ಗೋಡೆಗೊರಗಿ ಸೊಂಟದ ಉಡಿದಾರ ಸಡಿಲಿಸಿದರು. ಎಲ್ಲ ಪಂಕ್ತಿ ಮುಗಿದು ಮನೆ ಖಾಲಿಯಾಗುವಾಗ ಬಿಸಿಲು ಇಳಿಯುತ್ತಿತ್ತು. ನಾನು ಅಡುಗೆಮನೆಯಲ್ಲಿ ಉಳಿದದ್ದನ್ನು ಸಣ್ಣ ಪಾತ್ರೆಗೆ ಬಗ್ಗಿಸುತ್ತಿದ್ದೆ. ಬೀಗ್ತಿ ಎರಡು ಎಲೆ ಹಿಡಿದುಕೊಂಡು ಒಳಗೆ ಬಂದರು.

"ನೀವಿನ್ನೂ ಉಂಡಿಲ್ವಾ?" ಎಂದು ಗಾಬರಿಯಾಗಿ ಕೇಳಿದೆ.

"ನಿಮ್ಮ ಸಲುವಾಗಿ ಕುಂತಿದ್ದೆ" ಎಂದರು. ಎಲೆ ಹಾಸಿದರು. ಆಮೇಲೆ ನನ್ನ ಮುಖ ನೋಡದೆ, ಮೆಲ್ಲಗೆ, "ಸೀರಿ ತಂದ ದಿವಸ ನೀವೂ ಉಂಡಿರಲಿಲ್ಲ. ಹಂಗೇ ಚಳ್ಳಕೆರಿಗೆ ಬಂದ್ರಿ. ಎರಡು ವರ್ಷ ನನ್ನ ಅರ್ಧ ಊಟದ ಬಗ್ಗೆನೇ ಮಾತಾಡೀನಿ, ನಿಮ್ಮದು ಏನಾತು ಅಂತ ಒಂದು ದಿನ ಕೇಳಲಿಲ್ಲ ನಾನು" ಎಂದರು.

ನಿಜವೇ. ಅವತ್ತು ನಾನು ಒಂದು ತುತ್ತೂ ಮುಟ್ಟಿರಲಿಲ್ಲ. ನನಗೇ ಅದು ಮರೆತುಹೋಗಿತ್ತು. ಪಾತ್ರೆ ಹಿಡಿದು ಅವರ ಎಲೆಗೆ ಬಡಿಸಲು ಬಗ್ಗಿದೆ. ಅವರು ನನ್ನ ಭುಜ ಒತ್ತಿ ಕೂರಿಸಿ, ಕೈಯಿಂದ ಪಾತ್ರೆ ಕಿತ್ತುಕೊಂಡು, ನನ್ನ ಎಲೆಗೆ ಮೊದಲು ಬಡಿಸಿದರು. ಈ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷ ದಾಟಿದೆ. ಈ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿ ಇನ್ನೊಬ್ಬರು ಬಡಿಸಿದ್ದು ಅದೇ ಮೊದಲು.